ಕೆರೆ ಬತ್ತಿದಾಗ ತೆರೆಯುವ ಬಾಗಿಲು

ನಮ್ಮೂರ ಕೆರೆ ಬತ್ತಿದ್ರೆ ತೂಬಿನ ಕಲ್ಲು ಕಾಣ್ತಿತ್ತು. ಸ್ಲೊವೇನಿಯಾದ ಸೆರ್ಕ್‌ನಿಟ್ಸಾ ಸರೋವರ ಬತ್ತಿದ್ರೆ ಗುಹೆಗಳ ಬಾಯಿಗಳೇ ಕಾಣುತ್ತವೆ. ತುಂಬಿದಾಗ ಮೀನು ಹಿಡಿಯೋ ಜಾಗದಲ್ಲೇ ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾರೆ. ಅಷ್ಟೊಂದು ನೀರು ಹೋಗೋದೆಲ್ಲಿಗೆ?

17ನೇ ಶತಮಾನದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವನು ವಾಲ್ವಾಸೋರ್ ಎಂಬ ಜಮೀನ್ದಾರ. ಬೆಟ್ಟದೊಳಗೆ ಗುಪ್ತ ಸರೋವರಗಳಿವೆ, ಅವು ಸೈಫನ್ ಕೊಳವೆಗಳಿಂದ ನೀರೆಳೆಯುತ್ತವೆ ಅಂತ ವಿವರಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. 1687ರಲ್ಲಿ ಅವರು ಅವನನ್ನು ಫೆಲೋ ಮಾಡಿಕೊಂಡರು.

ನಿಜವಾದ ಉತ್ತರ ಅದಕ್ಕಿಂತ ಸರಳ. ಸುಣ್ಣಕಲ್ಲಿನ ಬಿಲಗಳು ನೀರು ಕುಡೀತಾನೇ ಇರುತ್ತವೆ. ಒಳಹರಿವು ಅವುಗಳ ಶಕ್ತಿ ಮೀರಿದರೆ ಸರೋವರ, ಕಡಿಮೆಯಾದರೆ ಹುಲ್ಲುಗಾವಲು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ವಾಲ್ವಾಸೋರನದು ಓವರ್ ಇಂಜಿನಿಯರಿಂಗ್! ಮುಂದಿನ ಕಾಲದವರು ನೀರಿಳಿದ ದಿನಗಳಲ್ಲಿ ಕಾರ್ಲೋವಿಟ್ಸಾ ಗುಹೆಗಳೊಳಗೆ ಹೊಕ್ಕು, ನೀರು ಹೋದ ದಾರಿಯಲ್ಲೇ ನಡೆದು ನಕ್ಷೆ ಬರೆದರು. ಮತ್ತೆ ಮಳೆ ಬಂದರೆ ಆ ದಾರಿ ಮುಚ್ಚಿತು.

1689ರಲ್ಲಿ ಅಚ್ಚಾದ ತನ್ನ ನಾಡಿನ ಮಹಾಗ್ರಂಥಕ್ಕೆ ಆಸ್ತಿಯೆಲ್ಲಾ ಸುರಿದ ವಾಲ್ವಾಸೋರ್, ಕೋಟೆಮನೆ ಮಾರಿ, 1693ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಥಿಯರಿ ತಪ್ಪಿತ್ತು, ನಿಜ. ಆದರೆ ಪವಾಡ ಅಂತ ಕೈ ಮುಗಿದು ಕೂತಿದ್ದರೆ, ತಪ್ಪು ತಿದ್ದೋಕೂ ಯಾರಿಗೂ ಏನೂ ಸಿಗುತ್ತಿರಲಿಲ್ಲ.