ಸಾಕಿದವರ ಹೆಸರಿಗೊಂದು ಜಾಗ

ರಾಯಚೂರು ಜಿಲ್ಲೆಗೆ ಹೆತ್ತವರಲ್ಲದವರ ಆಸರೆಯಲ್ಲಿ ಬೆಳೆಯುವ ಮಕ್ಕಳು ಹೊಸಬರಲ್ಲ. ದೇವದುರ್ಗ, ಮಾನ್ವಿ ಕಡೆಯ ಮಳೆಯಾಶ್ರಿತ ಹಳ್ಳಿಗಳಿಂದ ದುಡಿಯುವವರು ಬೆಂಗಳೂರಿಗೆ ಗುಳೆ ಹೊರಟರೆ ಮಕ್ಕಳು ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಉಳಿಯುತ್ತಾರೆ. ತಾಯಿ ತೀರಿಕೊಂಡ ಮಗುವನ್ನು ಚಿಕ್ಕಮ್ಮ ಸಾಕುತ್ತಾಳೆ. ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ದುಡಿಯಲು ಹೋದರೆ ಅವಳ ಮಗುವನ್ನು ಅವಳ ತಾಯಿ ನೋಡಿಕೊಳ್ಳುತ್ತಾಳೆ. ಇಂಥ ಮನೆಗಳಲ್ಲಿ ಮಗುವನ್ನು ಇವರಿಗೆ ಒಪ್ಪಿಸಲಾಗಿದೆ ಎಂಬ ಆದೇಶಪತ್ರ ಅಪರೂಪ. ಶಾಲೆ, ಆಸ್ಪತ್ರೆ, ಬ್ಯಾಂಕು, ನಾಡಕಚೇರಿಗಳಲ್ಲಿ ಮಗುವಿನ ಪರವಾಗಿ ನಿಲ್ಲಲು ನೀನು ಯಾರು ಎಂಬ ಪ್ರಶ್ನೆಗೆ ಅವರಲ್ಲಿ ಕಾಗದದ ಉತ್ತರ ಇರುವುದಿಲ್ಲ. ಇಂಥ ಮಕ್ಕಳಿಗಾಗುವ ತಾರತಮ್ಯ ಬಹುಮಟ್ಟಿಗೆ ಸಾಕಿದವರ ಮೂಲಕವೇ ಅವರನ್ನು ತಲುಪುತ್ತದೆ ಎಂಬುದು ನನ್ನ ವಾದ. ನಮ್ಮ ಕಾನೂನು ನಾಲ್ಕು ದಶಕ ಮಗುವನ್ನಷ್ಟೇ ನೋಡುತ್ತ ಬೆಳೆಯಿತು. ಸಾಕುವವರು ಅದರ ಕಣ್ಣಿಗೆ ಬಿದ್ದಿದ್ದು ತಡವಾಗಿ, ಅದೂ ಅರೆಬರೆಯಾಗಿ.

1986ರ ಬಾಲನ್ಯಾಯ ಕಾಯ್ದೆಯ ಕಾಲದಲ್ಲಿ ಅನಾಥ ಮಗು ಎಂದರೆ ಬಾಲಮಂದಿರ ಎಂಬ ತಿಳಿವಳಿಕೆಯಿತ್ತು. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದ ಮೇಲೆ ಆ ನೋಟ ಬದಲಾಗತೊಡಗಿತು. 2000ದ ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕತ್ವಕ್ಕೆ, ಅಂದರೆ ಮಗುವನ್ನು ಬೇರೊಂದು ಕುಟುಂಬದಲ್ಲಿ ಬೆಳೆಸುವ ವ್ಯವಸ್ಥೆಗೆ, ಜಾಗ ಸಿಕ್ಕಿತು. 2015ರ ಕಾಯ್ದೆ, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎಂಬುದನ್ನು ಮೂಲತತ್ವವಾಗಿ ಬರೆಯಿತು. ಲಿಂಗ, ಜಾತಿ, ಹುಟ್ಟಿದ ಸ್ಥಳ, ಅಂಗವೈಕಲ್ಯ ಯಾವುದರ ಆಧಾರದಲ್ಲೂ ಮಗುವಿಗೆ ತಾರತಮ್ಯ ಮಾಡಬಾರದೆಂದಿತು. 2022ರ ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಬಂತು. ಬಂಧುಗಳ ಬಳಿ ಇರುವ ಅನಾಥ ಮಕ್ಕಳೂ ಪ್ರಾಯೋಜಕತ್ವದ ಹೆಸರಿನಲ್ಲಿ ಇದಕ್ಕೆ ಸೇರಿದರು. 2024ರ ಪೋಷಕತ್ವ ಮಾರ್ಗಸೂಚಿ ಒಂಟಿಯಾಗಿರುವವರಿಗೂ ಪೋಷಕರಾಗಲು ಅವಕಾಶ ಕೊಟ್ಟಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೂ ತಾರತಮ್ಯದ ವಿರುದ್ಧದ ಆ ಮಾತು ಮಗುವಿನ ಹತ್ತಿರವೇ ನಿಂತಿತು. ಹೆತ್ತವರು ಬದುಕಿದ್ದು ದೂರದಲ್ಲಿ ದುಡಿಯುತ್ತಿದ್ದರೆ ಮಗು ಅನಾಥವೂ ಅಲ್ಲ, ಅಜ್ಜಿ ಆದೇಶ ಪಡೆದ ಪೋಷಕಿಯೂ ಅಲ್ಲ.

ರಾಯಚೂರಿನ ಮಟ್ಟಿಗೆ ಈ ಪ್ರಶ್ನೆಯ ಅತಿ ನೋವಿನ ಮುಖ ದೇವದಾಸಿ ತಾಯಂದಿರ ಮಕ್ಕಳದು. ದೇವದಾಸಿ ಪದ್ಧತಿಯ ವಿರುದ್ಧದ 1934ರ ಮುಂಬಯಿ ಕಾಯ್ದೆಯಾಗಲಿ 1947ರ ಮದ್ರಾಸ್ ಕಾಯ್ದೆಯಾಗಲಿ ನಿಜಾಮನ ಆಳ್ವಿಕೆಯಲ್ಲಿದ್ದ ಈ ನೆಲಕ್ಕೆ ಅನ್ವಯಿಸಲಿಲ್ಲ. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅದು ಸಮರ್ಪಣೆಯನ್ನು ಅಪರಾಧವಾಗಿಸಿತು, ಆದರೆ ಆಗಲೇ ಹುಟ್ಟಿದ್ದ, ಮುಂದೆ ಹುಟ್ಟಲಿದ್ದ ಮಕ್ಕಳ ದಾಖಲೆಗಳ ಗೋಜಿಗೆ ಹೋಗಲಿಲ್ಲ. ಬಹುಪಾಲು ಪರಿಶಿಷ್ಟ ಜಾತಿಯವರಾದ ಈ ತಾಯಂದಿರು ಮಕ್ಕಳನ್ನು ಒಬ್ಬರೇ ಸಾಕಿದರು. ಅರ್ಜಿಯಲ್ಲಿ ಅಪ್ಪನ ಹೆಸರು ಕೇಳಿದಾಗಲೆಲ್ಲ ಮಗು ತಲೆತಗ್ಗಿಸಬೇಕಾಯಿತು. ನ್ಯಾಯಾಲಯಗಳು ಸ್ವಲ್ಪ ಸ್ವಲ್ಪವೇ ದಾರಿ ತೆರೆದವು. ಅಂತರ್ಜಾತಿ ದಂಪತಿಯ ಮಗುವಿನ ಜಾತಿಯನ್ನು ತಂದೆಯಿಂದಲೇ ತೀರ್ಮಾನಿಸದೆ, ಅದು ಯಾರ ನಡುವೆ, ಎಂಥ ಅವಮಾನಗಳ ನಡುವೆ ಬೆಳೆಯಿತು ಎಂಬುದನ್ನೂ ನೋಡಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಮದುವೆಯಾಗದ ತಾಯಿ ಮಗುವಿನ ಪಾಲಕಿಯಾಗಲು ತಂದೆಯ ಹೆಸರು ಹೇಳಲೇಬೇಕಿಲ್ಲ ಎಂದು 2015ರಲ್ಲಿ ತೀರ್ಪಿತ್ತಿತು. 2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ, ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರಿನ ಕಡ್ಡಾಯವನ್ನು ತೆಗೆಯಿತು. ಬೇಕೆಂದವರಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಹೋರಾಟದ ಹಾದಿಯಲ್ಲಿ ಬಹಳ ತಡವಾಗಿ ಸಿಕ್ಕ ನ್ಯಾಯವಿದು.

ಸಾಕುವವರನ್ನೂ ರಕ್ಷಿಸುವ ಕಾನೂನು ಸಾಧ್ಯವೇ ಎಂದು ಕೇಳುವವರಿಗೆ ಉದಾಹರಣೆ ದೂರದಲ್ಲೂ ಇದೆ, ಹತ್ತಿರದಲ್ಲೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ 2003ರಲ್ಲೇ ಪೋಷಕತ್ವದಲ್ಲಿರುವ ಮಕ್ಕಳ ಜೊತೆಗೆ ಅವರನ್ನು ಸಾಕುವವರನ್ನೂ ತಾರತಮ್ಯದಿಂದ ಕಾಪಾಡುವ ಕಾಯ್ದೆ ಮಾಡಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನಮ್ಮದೇ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. ಅದರ ಪ್ರಕಾರ ರಕ್ಷಣೆ ಸೋಂಕಿತರಿಗೆ ಮಾತ್ರವಲ್ಲ, ಅವರೊಂದಿಗೆ ಒಂದೇ ಮನೆಯಲ್ಲಿ ವಾಸಿಸುವವರಿಗೂ ಸಿಗುತ್ತದೆ. ಕಾಯಿಲೆಯಿಂದ ನಲುಗಿದ ಕುಟುಂಬವನ್ನು ನಡೆಸುತ್ತಿರುವ ಹನ್ನೆರಡು ದಾಟಿದ, ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ತಮ್ಮ ತಂಗಿಯರನ್ನು ಶಾಲೆಗೆ ಸೇರಿಸಲು, ಚಿಕಿತ್ಸೆ ಕೊಡಿಸಲು, ಅವರ ಬ್ಯಾಂಕ್ ಖಾತೆ ನೋಡಿಕೊಳ್ಳಲು ಪಾಲಕರಾಗಬಹುದು. ಒಂದು ಸಂಕಟದ ಸಂದರ್ಭದಲ್ಲಿ ಹದಿಮೂರರ ಹುಡುಗಿಯನ್ನು ನಂಬಿದ ಕಾನೂನು, ಮೊಮ್ಮಗನನ್ನು ಹತ್ತು ವರ್ಷ ಸಾಕಿದ ಅಜ್ಜಿಯನ್ನು ಉಳಿದ ಸಂದರ್ಭಗಳಲ್ಲಿ ಅಷ್ಟೇ ಸರಳವಾಗಿ ನಂಬಲು ಯಾಕೆ ಹಿಂಜರಿಯಬೇಕು?

ಸಂವಿಧಾನದ 15ನೇ ವಿಧಿಯೇ ಸಾಕು, ಬೇರೆ ರಕ್ಷಣೆ ಯಾಕೆ ಎನ್ನುವವರಿದ್ದಾರೆ. ಆ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಹೆಸರಿಸುತ್ತದೆ. ಯಾರ ಮಡಿಲಲ್ಲಿ ಬೆಳೆದೆ ಎಂಬುದನ್ನು ಹೆಸರಿಸುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬಂಧುಗಳೆಂದವರಿಗೆಲ್ಲ ಮನ್ನಣೆ ಕೊಟ್ಟರೆ ಮಗುವನ್ನು ಹತ್ತಿ ಹೊಲದ ಕೂಲಿಗೆ, ಬಾಲ್ಯವಿವಾಹಕ್ಕೆ ದೂಡುವವರಿಗೂ ಅದು ಸಿಕ್ಕಂತಾಗುತ್ತದೆ ಎಂಬ ಭಯ. ಈ ಭಯ ನಿಜವಾದದ್ದು, ಆ ಅಪಾಯ ಹೆತ್ತವರ ಮನೆಯಲ್ಲೂ ಇದೆ. ಆದರೆ ಮನ್ನಣೆಯಿಲ್ಲದ ಮನೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಅಲ್ಲಿಗೆ ಯಾರೂ ವಿಚಾರಿಸಲು ಹೋಗುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಬಂದು ನೋಡಿ, ಮಗುವನ್ನು ಪ್ರತ್ಯೇಕವಾಗಿ ಕೇಳಿ, ಪಂಚಾಯಿತಿ ಮಟ್ಟದಲ್ಲಿ ಹೆಸರು ದಾಖಲಿಸಿದರೆ ಮಗುವಿನ ಮೇಲೆ ಕಣ್ಣಿಡುವುದು ಸುಲಭವಾಗುತ್ತದೆ. ಮಗುವಿನ ಸಂಸ್ಕೃತಿ, ಭಾಷೆಯ ಹಿನ್ನೆಲೆಯನ್ನು ಗಮನದಲ್ಲಿಡಬೇಕೆಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಹೇಳುವುದನ್ನು ಜಾತಿ ನೋಡಿ ಮನೆ ಹುಡುಕುವ ನೆಪವಾಗಿಸಿಕೊಳ್ಳದಂತೆಯೂ ಈ ಘಟಕಗಳು ಎಚ್ಚರ ವಹಿಸಬೇಕು.

ಹೊಸ ದೇವದಾಸಿ ಮಸೂದೆಯ ವಿನಾಯಿತಿಯಲ್ಲೂ ಒಂದು ತೊಡಕಿದೆ. ಉಳಿದವರೆಲ್ಲ ಅಪ್ಪನ ಹೆಸರು ಬರೆಯುವ ಅರ್ಜಿಯಲ್ಲಿ ಒಂದು ಮಗುವಿಗೆ ಮಾತ್ರ ಆ ಜಾಗ ಖಾಲಿ ಬಿಡಲು ಅನುಮತಿ ಇದ್ದರೆ, ಆ ಖಾಲಿ ಜಾಗವೇ ಅದರ ತಾಯಿ ಯಾರೆಂದು ಸಾರುತ್ತದೆ. ಬಾಲನ್ಯಾಯ ಕಾಯ್ದೆ ಮಗುವಿನ ಗುರುತನ್ನು ಬಹಿರಂಗಪಡಿಸಬಾರದು ಎನ್ನುವಾಗ ಅರ್ಜಿಯೇ ಆ ಕೆಲಸ ಮಾಡಬಾರದು. ಆದ್ದರಿಂದ ಬದಲಾವಣೆ ದೇವದಾಸಿ ಮಕ್ಕಳಿಗಷ್ಟೇ ಅಲ್ಲ, ರಾಯಚೂರು ನಗರದ ಖಾಸಗಿ ಶಾಲೆಯಿಂದ ದೇವದುರ್ಗದ ಹಳ್ಳಿಯ ಅಂಗನವಾಡಿಯವರೆಗೆ ಎಲ್ಲ ಮಕ್ಕಳಿಗೂ ಆಗಬೇಕು: ಎಲ್ಲರ ಅರ್ಜಿಯಲ್ಲೂ ತಾಯಿ ಅಥವಾ ತಂದೆ ಅಥವಾ ಸಾಕುತ್ತಿರುವವರು ಎಂಬ ಒಂದೇ ಸಾಲು, ಅವರಲ್ಲಿ ಯಾರ ಸಹಿ ಇದ್ದರೂ ಸಮಾನ ಬೆಲೆ.