ಬ್ಯಾಟರಿ ಹೋಯಿತು, ಹಮ್ ಬಂತು

ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟಿದವರಿಗೆ ಮೊದಲು ಕೇಳಿಸುವುದು ಹಾಡಲ್ಲ, ಸ್ಪೀಕರಿನೊಳಗೆ ಜೀರುಂಡೆ ಸೇರಿಕೊಂಡಂಥ ‘ಗುಂಯ್’. ಈ ಹಮ್‌ಗೂ ಒಂದು ಚರಿತ್ರೆ ಇದೆ. ಅದು ಗೊತ್ತಿದ್ದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

1920ರ ದಶಕದ ಆರಂಭದಲ್ಲಿ ರೇಡಿಯೋಗಳು ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ವಾಲ್ವಿನ ತಂತಿ ಕಾಯಿಸಲು ಒಂದು ಆಸಿಡ್ ಬ್ಯಾಟರಿ, ಪ್ಲೇಟಿಗೆ ಹೆಚ್ಚಿನ ವೋಲ್ಟೇಜಿನ ಇನ್ನೊಂದು. ಎಲ್ಲವೂ ಡಿಸಿ, ಹಾಗಾಗಿ ಹಮ್‌ಗೆ ಜಾಗವೇ ಇಲ್ಲ. ಆದರೆ ಆ ಬ್ಯಾಟರಿಗಳ ಭಾರ, ಚಾರ್ಜಿಂಗ್ ರಗಳೆ, ಖರ್ಚು ಯಾರಿಗೆ ಬೇಕು? ಗೋಡೆಯ ಎಸಿ ಕರೆಂಟನ್ನೇ ಬಳಸಲು ಹೋದಾಗ ತೊಂದರೆ ಶುರುವಾಯಿತು. ಆಗ ಕಾಯುವ ತಂತಿಯೇ ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡ್ ಕೂಡ ಆಗಿತ್ತು. ಅದಕ್ಕೆ ಎಸಿ ಕೊಟ್ಟರೆ ಅದರ ಏರಿಳಿತ ನೇರವಾಗಿ ಧ್ವನಿಗೆ ಸೇರುತ್ತಿತ್ತು.

ದಾರಿ ತೋರಿಸಿದ್ದು ಅಮೆರಿಕದ ಫ್ರೆಡರಿಕ್ ಮೆಕಲಾ ಅವರ ವಾಲ್ವ್. ಅದನ್ನು ಸುಧಾರಿಸಿ 1925ರಲ್ಲಿ ಬ್ಯಾಟರಿಯಿಲ್ಲದ ರೇಡಿಯೋ ಮಾರುಕಟ್ಟೆಗೆ ತಂದವರು ಟೊರೊಂಟೊದ ಎಡ್ವರ್ಡ್ ರೋಜರ್ಸ್. ಕಾಯುವ ತಂತಿ ಬೇರೆ, ಅದರ ಸುತ್ತ ಕೂತ ಕ್ಯಾಥೋಡ್ ಬೇರೆ. 1927ರಲ್ಲಿ ಆರ್‌ಸಿಎ ಕಂಪನಿಯ 227 ವಾಲ್ವ್ ಇದನ್ನು ಅಮೆರಿಕದ ಮನೆಮನೆಗೆ ಒಯ್ದಿತು. ಇಂದು ನಾವು ಹೀಟರ್ ವೈರುಗಳನ್ನು ಜಡೆಯಂತೆ ಹೆಣೆದು ಷಾಸಿಯ ಮೂಲೆಗೆ ಒತ್ತುವುದು ಅದೇ ಜಗಳದ ಮುಂದುವರಿಕೆ.

ಎರಡನೆಯ ಮೂಲ ಪವರ್ ಸಪ್ಲೈ. ಎಸಿಯನ್ನು ಡಿಸಿ ಮಾಡಿದ ಮೇಲೂ ಅಲೆ ಉಳಿಯುತ್ತದೆ. ದೊಡ್ಡ ಕೆಪಾಸಿಟರ್ ದುಬಾರಿಯಾಗಿದ್ದ ಕಾಲದಲ್ಲಿ ಸ್ಪೀಕರಿನ ಅಯಸ್ಕಾಂತದ ಸುರುಳಿಯನ್ನೇ ಫಿಲ್ಟರಿನ ಚೋಕ್ ಮಾಡಿಕೊಂಡರು. ಅದೂ ಗುಂಯ್ ಎಂದಾಗ ಉಲ್ಟಾ ಸುತ್ತಿದ ಇನ್ನೊಂದು ಪುಟ್ಟ ಸುರುಳಿ ಸೇರಿಸಿ ಹಮ್‌ನಿಂದಲೇ ಹಮ್ ಕೊಂದರು. ಜುಗಾಡ್ ನಮ್ಮವರ ಸೊತ್ತೇನಲ್ಲ!

ಇಲ್ಲಿ ಕಿವಿಯೇ ಮೀಟರ್. ನಮ್ಮ ಕರೆಂಟು 50 ಹರ್ಟ್ಸ್. ಫುಲ್‌ವೇವ್ ರೆಕ್ಟಿಫೈಯರ್ ದಾಟಿದ ಮೇಲೆ ಅಲೆ 100 ಹರ್ಟ್ಸ್. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಅದರ ಮಂದ್ರ ಪಂಚಮ ಸುಮಾರು 98. ಅಂದರೆ ಪವರ್ ಸಪ್ಲೈ ಹಮ್ ಎಂದರೆ ತುಸು ಏರಿದ ಪಂಚಮ. ತಂಬೂರಿ ನುಡಿಯುತ್ತಿರುವಾಗ ಅದರ ಹಿಂದೆ ಸಲೀಸಾಗಿ ಅಡಗುತ್ತದೆ. ಅದಕ್ಕೇ ಪರೀಕ್ಷೆಯನ್ನು ಹಾಡು ನಿಲ್ಲಿಸಿಯೇ ಮಾಡಬೇಕು. ಒಂದು ಸ್ಥಾಯಿ ಕೆಳಗೆ, 50ರಲ್ಲಿ ಕೇಳಿಸಿದರೆ ಹೀಟರ್ ಅಥವಾ ಅರ್ತ್ ಲೂಪ್ ಕಡೆ ನೋಡಿ. ವಾಲ್ಯೂಮ್ ಇಳಿಸಿದರೆ ಅದು ಕಡಿಮೆಯಾಗುತ್ತದೋ? ಹಾಗಿದ್ದರೆ ಕಳ್ಳ ಇರುವುದು ವಾಲ್ಯೂಮಿನ ಆಚೆ, ಇನ್‌ಪುಟ್ ಕಡೆ.

1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ‘ವೈರ್‌ಲೆಸ್ ವರ್ಲ್ಡ್’ನಲ್ಲಿ ಪ್ರಕಟಿಸಿದ ಆಂಪ್ಲಿಫೈಯರ್ ಹವ್ಯಾಸಿಗಳಿಗೆ ಆಳವಾದ ಬೇಸ್ ಕೊಟ್ಟಿತು. ಸಣ್ಣ ಸ್ಪೀಕರ್ ಅಷ್ಟುದಿನ ಮುಚ್ಚಿಟ್ಟಿದ್ದ ಹಮ್ಮೂ ಅದರ ಜೊತೆಗೇ ಹೊರಬಂತು. ಮರುವರ್ಷ ಎಲ್‌ಪಿ ಬಂತು. 1950ರ ದಶಕದಲ್ಲಿ ರೂಢಿಯಾದ ಆರ್‌ಐಎಎ ಸರಿಪಡಿಕೆಯಲ್ಲಿ 50 ಹರ್ಟ್ಸನ್ನು 1000 ಹರ್ಟ್ಸ್‌ಗಿಂತ ಸುಮಾರು 7 ಪಟ್ಟು ಹಿಗ್ಗಿಸಬೇಕು, ಹಮ್‌ಗೆ ಹಬ್ಬ. ಇಎಫ್86ರಂಥ ವಾಲ್ವಿನಲ್ಲಿ ಹೀಟರ್ ತಂತಿಯನ್ನೇ ಜೋಡಿ ಸುರುಳಿಯಾಗಿ ಸುತ್ತಿದ್ದು ಇದಕ್ಕಾಗಿ. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ವಾಲ್ವ್ ತಯಾರಿಸತೊಡಗುವ ಹೊತ್ತಿಗೆ ಈ ಪಾಠಗಳೆಲ್ಲ ಪಕ್ವವಾಗಿದ್ದವು.

ಆದರೆ ಅಗ್ಗದ ಮದ್ದೂ ಒಂದಿತ್ತು. ಆ ಕಾಲದ ಎಷ್ಟೋ ಅಮೆರಿಕನ್ ಗಿಟಾರ್ ಆಂಪ್ಲಿಫೈಯರುಗಳಿಗೆ ಎರಡೇ ಪಿನ್. ಹಮ್ ತಗ್ಗಿಸಲು ಕರೆಂಟಿನ ಒಂದು ತಂತಿಗೂ ಷಾಸಿಗೂ ನಡುವೆ ಕೆಪಾಸಿಟರ್. ಅದು ಶಾರ್ಟ್ ಆದರೆ ಷಾಸಿ, ಅದರಿಂದ ಗಿಟಾರಿನ ತಂತಿ, ಎಲ್ಲಕ್ಕೂ ಕರೆಂಟು. ರಿಪೇರಿಯವರು ಅದನ್ನು ‘ಡೆತ್ ಕ್ಯಾಪ್’ ಎಂದೇ ಕರೆಯುತ್ತಾರೆ. ಅರ್ತ್ ಇಲ್ಲದ ಲೋಹ ಏನು ಮಾಡಬಲ್ಲದು ಎಂಬುದಕ್ಕೆ ಲೆಸ್ ಹಾರ್ವಿ ಸಾಕ್ಷಿ: 1972ರಲ್ಲಿ ಸ್ವಾನ್ಸಿಯ ವೇದಿಕೆಯಲ್ಲಿ, ಗಿಟಾರ್ ಹಿಡಿದೇ ಅರ್ತ್ ಆಗದ ಮೈಕ್ ಮುಟ್ಟಿ ತೀರಿಕೊಂಡ.

ಅರ್ತ್ ಪಿನ್ ಕಿತ್ತರೆ ಹಮ್ ಹೋಗುತ್ತದೆ ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ಹೋಗಲೂಬಹುದು, ನಮ್ಮಲ್ಲಿ 230 ವೋಲ್ಟ್ ಎಂಬುದು ನೆನಪಿರಲಿ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ, ಒಳಗಿನ ಅರ್ತ್‌ಗಳನ್ನೆಲ್ಲ ಒಂದೇ ಬಿಂದುವಿಗೆ ತನ್ನಿ. ಆಗಲೂ ಹೋಗದಿದ್ದರೆ ಸಿಗ್ನಲ್ ದಾರಿಯಲ್ಲಿ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮುಚ್ಚಳ ತೆಗೆಯುವಾಗ ಪ್ಲಗ್ ಕಿತ್ತರಷ್ಟೇ ಸಾಲದು. ಫಿಲ್ಟರ್ ಕೆಪಾಸಿಟರಿನಲ್ಲಿ ಮುನ್ನೂರು ನಾನೂರು ವೋಲ್ಟ್ ಇನ್ನೂ ಕೂತಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿ.