ಮೂರು ಆಯಾಮದ ಮ್ಯಾನಿಫೋಲ್ಡ್‌ಗಳ ಚಿತ್ರಣ

ಯಾವ ಬಿಂದುವಿನ ಸುತ್ತ ನೋಡಿದರೂ ಉದ್ದ, ಅಗಲ, ಎತ್ತರಗಳ ಪರಿಚಿತ ಲೋಕದಂತೆಯೇ ಇದ್ದು, ಒಟ್ಟು ರೂಪದಲ್ಲಿ ಬೇರೆಯಾಗಿರಬಲ್ಲ ಗಣಿತ ರಚನೆಗೆ ಮೂರು ಆಯಾಮದ ಮ್ಯಾನಿಫೋಲ್ಡ್ ಎಂದು ಹೆಸರು. ಎರಡು ಆಯಾಮದ ಗೋಳದ ಮೇಲ್ಮೈಯನ್ನು ಹೊರಗೆ ನಿಂತು ನೋಡಬಹುದು. ಇನ್ನೊಂದು ಆಯಾಮ ಸೇರಿದರೆ ನಿಲ್ಲಲು ಹೊರಗೆ ಜಾಗವಿಲ್ಲ. ಒಳಗಿದ್ದುಕೊಂಡೇ ಆಕಾರವನ್ನು ಅರಿಯುವ ವಿಧಾನಗಳನ್ನು ಟೊಪಾಲಜಿ ಒಂದೊಂದಾಗಿ ಕಂಡುಕೊಂಡಿತು.

ಆರಂಭ

ಬಹು ಆಯಾಮದ ಮ್ಯಾನಿಫೋಲ್ಡ್‌ನ ಕಲ್ಪನೆಯನ್ನು ರೀಮನ್ 1854ರ ಉಪನ್ಯಾಸದಲ್ಲಿ ಮುಂದಿಟ್ಟರು. ಡೆನ್ಮಾರ್ಕಿನ ಹೇಗಾರ್ 1898ರಲ್ಲಿ, ಇಂಥ ರಚನೆಯನ್ನು ಹಿಡಿಕೆಗಳುಳ್ಳ ಎರಡು ಘನಗಳಾಗಿ ಸೀಳುವ ಕ್ರಮ ತೋರಿಸಿದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ಸುರಂಗಜಾಲದ ಟೊಳ್ಳನ್ನು ನೆನೆದರೆ ಈ ಘನ ಅರ್ಥವಾದೀತು: ಸುತ್ತಿ ಹೊರಟಲ್ಲಿಗೇ ಬರುವ ಸ್ವತಂತ್ರ ದಾರಿಗಳು ಎಷ್ಟೆಂಬುದೇ ಇಲ್ಲಿ ಲೆಕ್ಕ, ಸುರಂಗದ ಆಳ, ಅಗಲ ಲೆಕ್ಕಕ್ಕಿಲ್ಲ. 1904ರಲ್ಲಿ ಪ್ವಾಂಕರೆ ಒಂದು ಪ್ರಶ್ನೆ ಎತ್ತಿದರು: ಪರಿಮಿತವೂ ಅಂಚಿಲ್ಲದ್ದೂ ಆದ ಮ್ಯಾನಿಫೋಲ್ಡ್‌ನಲ್ಲಿ ಪ್ರತಿ ಕುಣಿಕೆಯನ್ನೂ ಬಿಂದುವಾಗಿ ಕುಗ್ಗಿಸಬಹುದಾದರೆ ಅದು ಮೂರು ಆಯಾಮದ ಗೋಳವೇ ಆಗಿರಬೇಕೆ?

ಅಂಟಿಸುವುದು, ಒಡೆಯುವುದು

ವೆಬರ್ ಮತ್ತು ಸೈಫರ್ಟ್ 1933ರಲ್ಲಿ ಹನ್ನೆರಡು ಪಂಚಭುಜ ಮುಖಗಳ ಘನವನ್ನು ತೆಗೆದುಕೊಂಡು ಎದುರುಬದುರು ಮುಖಗಳನ್ನು ತಿರುಗಿಸಿ ಅಂಟಿಸಿದರು. 36 ಡಿಗ್ರಿ ತಿರುಗಿಸಿದರೆ ಒಂದು ಮ್ಯಾನಿಫೋಲ್ಡ್, 108 ಡಿಗ್ರಿ ತಿರುಗಿಸಿದರೆ ಇನ್ನೊಂದು. ಮೂರು ಆಯಾಮದ ಪ್ರತಿಯೊಂದು ಮ್ಯಾನಿಫೋಲ್ಡನ್ನೂ ನಾಲ್ಕು ಮುಖದ ಘನಗಳಾಗಿ ಒಡೆಯಬಹುದೆಂದು ಮೊಯಿಸ್ 1952ರಲ್ಲಿ ಸಾಧಿಸಿದರು. ಥರ್ಸ್ಟನ್ 1982ರಲ್ಲಿ ಪ್ರಕಟಿಸಿದ ಊಹೆಯಂತೆ, ತಕ್ಕಂತೆ ಕತ್ತರಿಸಿದ ಪ್ರತಿ ತುಣುಕಿಗೂ ಎಂಟು ಜ್ಯಾಮಿತಿಗಳಲ್ಲಿ ಒಂದು ಹೊಂದುತ್ತದೆ. ಜೆಫ್ರಿ ವೀಕ್ಸ್ ಅವರ ‘ಸ್ನ್ಯಾಪ್‌ಪೀ’ ತಂತ್ರಾಂಶ ಇಂಥ ಜ್ಯಾಮಿತಿಯ ಲೆಕ್ಕವನ್ನು ಗಣಕಕ್ಕೆ ತಂದಿತು. 2002–03ರಲ್ಲಿ ಪೆರೆಲ್ಮನ್ ಥರ್ಸ್ಟನ್ನರ ಊಹೆಯನ್ನು ಸಾಧಿಸಿದಾಗ ಪ್ವಾಂಕರೆಯ ಪ್ರಶ್ನೆಗೂ ‘ಹೌದು’ ಎಂಬ ಉತ್ತರ ಸಿಕ್ಕಿತು.

ಕರ್ನಾಟಕದಲ್ಲಿ

ಪೆರೆಲ್ಮನ್ ಸಾಧನೆಯನ್ನು ಪರಿಚಯಿಸುವ ಲೇಖನವನ್ನು ಸಿದ್ಧಾರ್ಥ ಗಾಡ್ಗೀಳ್ ಮತ್ತು ಹರೀಶ್ ಶೇಷಾದ್ರಿ 2006ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಗೆ ಬರೆದರು. ನಾಲ್ಕು ಮುಖದ ಘನಗಳನ್ನು ಜೋಡಿಸಿ, ಅತಿ ಕಡಿಮೆ ಶೃಂಗಗಳಿಂದ (ಮೂಲೆಗಳಿಂದ) ಒಂದು ಮ್ಯಾನಿಫೋಲ್ಡನ್ನು ಕಟ್ಟುವುದು ಇಲ್ಲಿ ಬೆಳೆದ ಇನ್ನೊಂದು ಸಂಶೋಧನಾ ಧಾರೆ. ಗೋಳದ ಮೇಲ್ಮೈಯನ್ನು ವೃತ್ತದ ಗುಂಟ ಸಾಗಿಸಿ ಪಡೆಯುವ ಮ್ಯಾನಿಫೋಲ್ಡ್‌ಗಳಲ್ಲಿ ತಿರುಚಿದ್ದಕ್ಕೆ 9 ಶೃಂಗ ಸಾಕು, ತಿರುಚದಿದ್ದುದಕ್ಕೆ 10 ಬೇಕು ಎಂಬುದು 1970ರ ದಶಕದ ಹೊತ್ತಿಗೆ ತಿಳಿದಿತ್ತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದ ಭಾಸ್ಕರ್ ಬಾಗ್ಚಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಬಸುದೇವ್ ದತ್ತ ಮೇಲಿನ ಆಯಾಮಗಳಲ್ಲಿ ಇಂಥ ಕನಿಷ್ಠ ರಚನೆಗಳನ್ನು ಕುರಿತ ಪ್ರಬಂಧವನ್ನು 2008ರಲ್ಲಿ ಪ್ರಕಟಿಸಿದರು.